ನಾವಿಬ್ಬರೇ ಹಿಮ ನೋಡೋಕೆ ಹೊರಟಿದ್ದು

ನಮ್ಮನೇಲಿ ಯಾರಾದರೂ ಒಂದು ಸಣ್ಣ ಪ್ರಯಾಣದ ಮಾತೆತ್ತಿದರೆ ಸಾಕು, ಹೊರಡೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತೆ. ಈ ವರ್ಷ ಮಾತೆತ್ತಿದವಳು ನಾನೇ.

ನನಗೆ ಕೂತಲ್ಲಿ ಕೂರೋಕಾಗಲ್ಲ. ಕ್ಯಾತ್ಸಂದ್ರದಲ್ಲಿ ಮನೆ, ಗುಬ್ಬಿಯ ಕಾಲೇಜೊಂದರ ಆಫೀಸಲ್ಲಿ ಕೆಲಸ. ದಿನಾ ರೈಲಲ್ಲಿ ಹೋಗ್ತೀನಿ, ರೈಲಲ್ಲಿ ಬರ್ತೀನಿ, ಸೀಟು ಸಿಕ್ಕರೂ ಬಾಗಿಲ ಹತ್ರಾನೇ ನಿಂತಿರ್ತೀನಿ. ನಮ್ಮ ಯಜಮಾನರು ಇದಕ್ಕೆ ಪೂರ್ತಿ ಉಲ್ಟಾ. ಹಿರೇಹಳ್ಳಿ ಕಡೆ ಹುಣಸೆಹಣ್ಣು ಇಡೋ ಒಂದು ಕೋಲ್ಡ್ ಸ್ಟೋರೇಜಲ್ಲಿ ಸೂಪರ್‌ವೈಸರು. ಕೂರಿಸಿದ ಕಡೆ ಕೂತಿರ್ತಾರೆ, ಎಬ್ಬಿಸಿದಾಗ ಏಳ್ತಾರೆ.

ಮದುವೆಯಾಗಿ ಇಪ್ಪತ್ತು ವರ್ಷ ದಾಟಿತು. ಧರ್ಮಸ್ಥಳ, ತಿರುಪತಿ, ಮಂತ್ರಾಲಯ ಎಲ್ಲಾ ನೋಡಿಯಾಯ್ತು. ಆದರೆ ನಾವಿಬ್ಬರೇ ಅಂತ ಒಂದು ಸಲಾನೂ ಎಲ್ಲೂ ಹೋದದ್ದಿಲ್ಲ. ಹನಿಮೂನಿಗೆ ಊಟಿಗೆ ಹೋದಾಗಲೂ ವ್ಯಾನಿನ ಮುಂದಿನ ಸೀಟಲ್ಲಿ ನಮ್ಮತ್ತೆ ಇದ್ರು. ಅದಕ್ಕೇ ಈ ಸಲ ಹಠ ಹಿಡಿದೆ. ಶುಕ್ರವಾರ ಒಂದು ರಜಾ, ಎರಡನೇ ಶನಿವಾರ, ಭಾನುವಾರ. ಮನಾಲಿ ಮೇಲೆ ಯಾವುದಾದರೂ ರೆಸಾರ್ಟು. ಸುತ್ತ ಹಿಮ, ಮಧ್ಯ ನಾವಿಬ್ಬರು. ನಿಜ ಹೇಳಬೇಕಂದರೆ ನನಗೆ ಹಿಮಕ್ಕಿಂತ ಆ 'ನಾವಿಬ್ಬರು' ಅನ್ನೋದೇ ಮುಖ್ಯವಾಗಿತ್ತು. ಈ ವಯಸ್ಸಲ್ಲಿ ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಎಲ್ಲರ ಹತ್ರ "ಹಿಮ ನೋಡ್ಬೇಕು" ಅಂತಷ್ಟೇ ಹೇಳಿದೆ. ಯಜಮಾನರ ಹತ್ರಾನೂ ಅಷ್ಟೇ.

೧. ದಿನ ಗೊತ್ತು ಮಾಡಿದ್ದು

ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಅತ್ತೆ ಮುಂದೆ ಇಟ್ಟೆ. ಅತ್ತೆ ಸಿ.ಎಸ್. ಪುರದ ಕಡೆಯವರು. ನೆಂಟರಿಷ್ಟರ ಕಾರ್ಯಗಳೆಲ್ಲ ಅವರಿಗೆ ಬಾಯಿಪಾಠ.

"ಈ ಶನಿವಾರ?" ಅಂದೆ.

"ಅಯ್ಯೋ, ಅವತ್ತು ನಿಮ್ಮ ಮಾವನ ಅಣ್ಣನ ತಿಥಿ."

"ಸರಿ, ಮುಂದಿನ ತಿಂಗಳು?"

"ಬೀಗರೂಟ ಕಣಮ್ಮ. ಹೋಗದೇ ಇದ್ರೆ ಏನಂದ್ಕೊಂಡಾರು? ನಾಳೆ ನಮ್ಮನೆ ಕಾರ್ಯಕ್ಕೆ ಯಾರು ಬರ್ತಾರೆ?"

"ಅದರ ಮುಂದಿನ ತಿಂಗಳು?"

"ಅಮಾವಾಸ್ಯೆ. ಹೊರಡಬಾರ್ದು."

ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. "ಅತ್ತೆ, ಹಿಂಗೇ ಮುಂದಕ್ಕೆ ಹಾಕ್ತಾ ಹೋದ್ರೆ ಅಲ್ಲಿ ಹಿಮ ಕರಗೋಗುತ್ತೆ!" ಅಂದೆ.

ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ನಿಧಾನಕ್ಕೆ ಹೇಳಿದ್ರು: "ಕರಗಿದ್ರೆ ಇನ್ನೂ ಒಳ್ಳೇದಾಯ್ತು ಬುಡು. ಕಾಲು ಜಾರಲ್ಲ."

೨. ದೇವಸ್ಥಾನ ಯಾವುದು?

ಕೊನೆಗೆ ಬೀಗರೂಟಕ್ಕೆ ಮುಯ್ಯಿ ಕೊಟ್ಟು ಕಳಿಸೋದು ಅಂತ ತೀರ್ಮಾನ ಮಾಡಿ, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿದೆ. ಒಳಗೆ ಇದ್ದವರು ಹಣೆ ತುಂಬ ವಿಭೂತಿ ಇಟ್ಟುಕೊಂಡ ಹಿರಿಯರು.

"ಎಷ್ಟು ಜನ ಮೇಡಂ?"

"ಇಬ್ರು."

"ಇಬ್ರೇನಾ?" ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದ್ರು. "ಮನೇಲಿ ಏನಾದ್ರೂ ಜಗಳಾನಾ?"

"ಜಗಳ ಏನೂ ಇಲ್ಲ ಸಾರ್. ಹಿಮ ನೋಡೋಕೆ."

"ಅದು ಸರಿ. ದೇವಸ್ಥಾನ ಯಾವುದು?"

"ದೇವಸ್ಥಾನ ಬೇಡ ಸಾರ್, ರೆಸಾರ್ಟು ಸಾಕು."

ಅವರಿಗೆ ನನ್ನ ಮೇಲೆ ನಿಜವಾಗಲೂ ಮರುಕ ಹುಟ್ಟಿತು. "ಅಷ್ಟು ದೂರ ಹೋಗಿ ದೇವ್ರಿಗೊಂದು ಕೈ ಮುಗೀದೆ ಬರ್ತಾರೇನಮ್ಮ? ಕೂತ್ಕೊಳ್ಳಿ, ನಾನು ನೋಡ್ಕೊತೀನಿ" ಅಂದ್ರು. ನಾನು ಕೂರಲಿಲ್ಲ. ಅಂಗಡಿ ಮುಂದೆ ಆಚೆ ಈಚೆ ಓಡಾಡಿದೆ. ಆಮೇಲೆ ಕರೆದು ಹೆಮ್ಮೆಯಿಂದ ಹೇಳಿದ್ರು: "ಮೂರು ದಿನದಲ್ಲಿ ಐದು ದೇವಸ್ಥಾನ ಕೂರಿಸಿದೀನಿ, ಎಲ್ಲಾ ಕಡೆ ಸ್ಪೆಷಲ್ ದರ್ಶನ. ಹಿಮಾನ ನೀವು ಬಸ್ಸಿನ ಕಿಟಕಿಯಿಂದ ನೋಡ್ಕೊಬೋದು."

೩. ಬಾಯಿಮಾತಿಗೆ ಕರೆದಿದ್ದು

ನಮ್ಮ ಕಡೆ ಒಂದು ಮರ್ಯಾದೆ ಇದೆ. ಉಣ್ಣೋವಾಗ ಯಾರಾದರೂ ಬಂದ್ರೆ "ಬನ್ನಿ, ಊಟ ಮಾಡಿ" ಅಂತೀವಿ. ಅವರು "ಆಯ್ತು, ನೀವು ಮಾಡಿ" ಅಂತಾರೆ. ಇಬ್ರಿಗೂ ಗೊತ್ತು, ಅದು ಬಾಯಿಮಾತು. ನಮ್ಮ ಯಜಮಾನರು ಆ ಮರ್ಯಾದೇನ ಮನಾಲಿವರೆಗೂ ಎಳೆದರು.

ಕುಣಿಗಲ್ಲಿಂದ ನಾದಿನಿ ಫೋನ್ ಮಾಡಿದ್ಲು. ಇವರು ಮಾತಿಗೆ ಮಾತು ಬಂದು, "ಹಿಮ ನೋಡೋಕೆ ಹೊರಟಿದೀವಿ, ನೀವೂ ಬನ್ರಮ್ಮ" ಅಂದ್ರು. ಅವಳು "ಆಯ್ತಣ್ಣ, ನೀವು ಹೋಗ್ಬನ್ನಿ" ಅನ್ನಬೇಕಾಗಿತ್ತು ತಾನೆ? "ಎಷ್ಟೊತ್ತಿಗೆ ಹೊರಡೋದಣ್ಣ?" ಅಂದ್ಲು.

ಇವರು ಫೋನ್ ಇಟ್ಟು ನನ್ನ ಕಡೆ ನೋಡಿ ನಕ್ರು. ನಾನು ನಗಲಿಲ್ಲ.

ಸಂಜೆಗೆ ಗುಬ್ಬಿಯಿಂದ ಮೈದುನನ ಫೋನು. "ಅಣ್ಣಾ, ಅಕ್ಕನ್ನ ಕರೆದ್ಯಂತೆ. ನಾವೇನು ಪರದೇಶಿಗಳಾ?" ಅವನ್ನ ಕರೆದದ್ದಾಯ್ತು, ಅವನ ಹೆಂಡತಿ ಅವಳ ತವರಿನವರನ್ನ ಕರೆದದ್ದೂ ಆಯ್ತು. ವಾರ ಕಳೆಯೋದರೊಳಗೆ ನಾವಿಬ್ಬರು ಹೋಗಿ ಹನ್ನೊಂದು ಜನ ಆದ್ವಿ. ಬೇಡ ಅಂತ ಹೇಳೋ ಹಂಗಿಲ್ಲ. ಹೇಳಿದ್ರೆ ಮುಂದಿನ ಹತ್ತು ವರ್ಷ ಪ್ರತಿ ಮದುವೆ ಮನೇಲೂ ಅದೇ ಮಾತು.

ಆಮೇಲೆ ನಾದಿನಿಯ ಅಡುಗೆ ಪ್ಲಾನು ಶುರುವಾಯ್ತು. "ಅತ್ತಿಗೆ, ಅಲ್ಲೆಲ್ಲಾ ಬರೀ ರೊಟ್ಟಿ ಅಂತೆ. ನಮ್ಮೆಜಮಾನ್ರಿಗೆ ಒಂದೊತ್ತು ಮುದ್ದೆ ಇಲ್ದೆ ಆಗಲ್ಲ. ರಾಗಿಹಿಟ್ಟು, ಹಿಟ್ಟಿನ ಕೋಲು, ಅಗಲವಾದ ಪಾತ್ರೆ ಎಲ್ಲಾ ನಾನು ತರ್ತೀನಿ. ನೀವು ಒಂದು ಕೆಲ್ಸ ಮಾಡಿ."

"ಏನಮ್ಮ?"

"ವಿಮಾನದವರನ್ನ ಒಂದು ಮಾತು ಕೇಳಿಟ್ಟಿರಿ, ಸಿಲಿಂಡ್ರು ಸೀಟಿನ ಕೆಳಗೆ ಇಟ್ಕೊಬೋದಾ ಅಂತ."

೪. ಚಳಿ ಅಭ್ಯಾಸ

ಇವರನ್ನೆಲ್ಲ ಹೆಂಗಾದ್ರೂ ಬಿಡಿಸಬೇಕು ಅಂತ ನನ್ನ ತಲೆ ಹಗಲೂ ರಾತ್ರಿ ಓಡ್ತಿತ್ತು. ಆಗ ನಾದಿನೀನೇ ದಾರಿ ತೋರಿಸಿದ್ಲು. "ಅತ್ತಿಗೆ, ಅಷ್ಟೊಂದು ಚಳಿ ತಡಿಯೋಕಾಗುತ್ತಾ?"

"ಅಭ್ಯಾಸ ಮಾಡ್ಕೊಳೋಣ ಬನ್ರಿ" ಅಂದೆ. "ನಿಮ್ಮಣ್ಣನ ಕೋಲ್ಡ್ ಸ್ಟೋರೇಜ್ ಇದ್ಯಲ್ಲ!"

ನನ್ನ ಲೆಕ್ಕಾಚಾರ ಸುಲಭ. ಒಳಗೆ ನಡುಗಿದರೆ ಅವರಾಗವರೇ ಬೇಡ ಅಂತಾರೆ, ಕೆಟ್ಟ ಹೆಸರು ನನಗೆ ಬರಲ್ಲ. ಯಜಮಾನರು ಅಲ್ಲಿನ ಸಾಹುಕಾರರ ಒಪ್ಪಿಗೆ ತಗೊಂಡ್ರು. ಭಾನುವಾರ ಏಪ್ರಿಲ್ ಬಿಸಿಲಲ್ಲಿ, ಹೈವೇಯಲ್ಲಿ ಹೋಗೋರೆಲ್ಲ ಗಾಡಿ ನಿಲ್ಲಿಸಿ ನೋಡೋ ಹಂಗೆ, ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಹಾಕ್ಕೊಂಡು ನಮ್ಮ ದಂಡು ಹಿರೇಹಳ್ಳಿಲಿ ಇಳೀತು. ಮಂಡಿ ನೋವು ಅಂತ ಅತ್ತೆ ಮಾತ್ರ ಹೊರಗೆ ನೆರಳಲ್ಲಿ ಪುಳಿಯೋಗರೆ ಡಬ್ಬಿ ಕಾಯ್ತಾ ಕೂತ್ರು.

ಒಳಗೆ ಸೂರಿನವರೆಗೂ ಹುಣಸೆಹಣ್ಣಿನ ಮೂಟೆ. ದಪ್ಪ ಬಾಗಿಲು ಹಾಕಿದ ಕೂಡಲೆ ಮೈದುನ ಎದೆ ಉಬ್ಬಿಸಿ, "ಇಷ್ಟೇನಾ? ನಾನು ಬನಿಯನ್ನಲ್ಲೇ ಇರ್ತೀನಿ" ಅಂದ. ಸ್ವಲ್ಪ ಹೊತ್ತಿಗೆ ಹೆಂಡತಿಯ ಶಾಲೊಳಗೆ ತೂರಿಕೊಂಡಿದ್ದ. ನಾದಿನಿಗೆ ಹಲ್ಲು ಕಟಕಟ ಅಂತಿತ್ತು.

"ಅತ್ತಿಗೆ, ಮನಾಲೀಲಿ ಇದಕ್ಕಿಂತ ಜಾಸ್ತೀನಾ?"

"ಇದು ಅಲ್ಲಿನ ಬೇಸಿಗೆ ಕಣಮ್ಮ" ಅಂದೆ. ಒಳಗೊಳಗೇ ಖುಷಿ, ಇನ್ನೇನು ಬೇಡ ಅಂತಾಳೆ ಅಂತ.

ಅವಳು ಒಂದು ಕ್ಷಣ ಯೋಚಿಸಿ ಹೇಳಿದ್ಲು: "ಪರ್ವಾಗಿಲ್ಲ ಬಿಡಿ. ಹನ್ನೊಂದು ಜನಾನೂ ಒಂದೇ ರೂಮಲ್ಲಿ ಮಲಗಿದ್ರೆ ಬೆಚ್ಚಗಿರುತ್ತೆ!"

ಎಲ್ಲರೂ ಹೌದೌದು ಅಂದ್ರು. ಹಸಿವಾಗ್ತಿದೆ, ಪುಳಿಯೋಗರೆ ತಿನ್ನೋಣ ಅಂತ ನಗ್ತಾ ನಗ್ತಾ ಹೊರಗೋದ್ರು. ನನ್ನ ಕಾಲು ಮಾತ್ರ ಏಳಲಿಲ್ಲ. ಅಷ್ಟು ದಿನ ಓಡಾಡಿದವಳು ಅವತ್ತು ನಿಂತ ಕಡೆ ನಿಂತುಬಿಟ್ಟೆ.

ಯಜಮಾನರು ಹಿಂದಿರುಗಿ ಬಂದ್ರು. "ಏನೇ, ಬರಲ್ವಾ? ಶೀತ ಆಗುತ್ತೆ."

ನನಗೆ ತಡೆಯೋಕಾಗಲಿಲ್ಲ. "ನನಗೆ ಯಾವ ಹಿಮಾನೂ ಬೇಡ ರೀ! ನಾವಿಬ್ರೇ ಎಲ್ಲಾದ್ರೂ ಹೋಗ್ಬೇಕು ಅಂತ ಇತ್ತು. ಒಂದೇ ಒಂದು ಸಲ. ನೀವು ಊರಿನವರನ್ನೆಲ್ಲಾ ಕರೆದ್ರಿ!"

ಅವರು ಬಾಯಿ ಬಿಟ್ಟುಕೊಂಡು ನೋಡಿದ್ರು. "ಮೊದ್ಲೇ ಹೇಳೋದಲ್ವಾ?"

"ಹೆಂಗ್ರೀ ಹೇಳ್ಲಿ? ನಿಮಗೇ ತಿಳೀಬಾರ್ದಾ?"

"ನೀನು ಹಿಮ ಹಿಮ ಅಂದೆ. ಎಲ್ರೂ ನೋಡ್ಲಿ ಅಂತ ಕರೆದೆ. ನಾನು ದಿನಾ ಈ ಚಳೀಲೇ ನಿಂತಿರೋನು, ನನಗೆ ಹಿಮ ಯಾಕೆ ಬೇಕು? ನೀನು ನನ್ ಜೊತೇಲಿ ಇರೋಕೆ ಹೊರಟಿದೀಯ ಅಂತ ನನಗೇನು ಗೊತ್ತು?" ಅಂತ ಹೇಳ್ತಾ ಅವರ ಡ್ಯೂಟಿ ಜಾಕೆಟ್ ತೆಗೆದು ನನಗೆ ಹೊದಿಸಿದ್ರು. ಜಾಕೆಟ್ ತುಂಬ ಹುಣಸೆಹಣ್ಣಿನ ವಾಸನೆ. ನನಗೆ ಅಳು ಬಂತು. ಅವರ ಎದೆಗೆ ಮುಖ ಇಟ್ಟು ಅತ್ತುಬಿಟ್ಟೆ. ಅವರು ಹೆದರಿ ಹೆದರಿ ಬೆನ್ನು ಸವರಿದ್ರು.

ಆಗಲೇ ಬಾಗಿಲು ತೆರೀತು.

ಪುಳಿಯೋಗರೆ ಆರೋಗುತ್ತೆ ಅಂತ ಕರೆಯೋಕೆ ಅತ್ತೆ ಮಂಡಿ ನೋವಲ್ಲೇ ಎದ್ದು ಬಂದಿದ್ರು. ಅವರ ಬೆನ್ನ ಹಿಂದೆ ಮಿಕ್ಕವರೆಲ್ಲ, ಕೈಯಲ್ಲಿ ಪೇಪರ್ ತಟ್ಟೆ ಹಿಡ್ಕೊಂಡು. ಯಜಮಾನರು ಗಾಬರಿಯಾಗಿ ನನ್ನ ಬಿಟ್ಟು ಪಕ್ಕದ ಮೂಟೆ ತಬ್ಬಿಕೊಂಡ್ರು, ಬೆಳಗಿಂದ ಅದನ್ನೇ ತಬ್ಬಿಕೊಂಡಿದ್ದೋರ ಹಂಗೆ. ನನಗೆ ಅಲ್ಲೇ ನೆಲ ಬಿರಿದು ನುಂಗಬಾರ್ದಾ ಅನ್ನಿಸ್ತು.

ಅತ್ತೆ ನನ್ನ ನೋಡಿದ್ರು, ಮಗನ್ನ ನೋಡಿದ್ರು, ಮತ್ತೆ ನನ್ನ ನೋಡಿದ್ರು. ಆಮೇಲೆ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ಹಿಂದೆ ತಿರುಗಿ ಗದರಿದ್ರು: "ನೀವ್ಯಾರೂ ಮನಾಲಿಗೂ ಹೋಗ್ಬೇಡಿ, ಗಿನಾಲಿಗೂ ಹೋಗ್ಬೇಡಿ! ಕಣ್ಣು ಕಾಣಲ್ವಾ? ಗಂಡ ಹೆಂಡ್ತಿಗೆ ಎಲ್ಲೂ ಜಾಗ ಇಲ್ದೆ ಹುಣಸೆಹಣ್ಣಿನ ಸಂದೀಲಿ ಸೇರ್ಕೊಂಡವ್ರೆ, ಪಾಪ! ಇವರಿಬ್ರೇ ಹೋಗ್ಬರ್ಲಿ."

ನಾದಿನಿ ತಟ್ಟೆ ನೋಡ್ತಾ ನಿಂತ್ಲು. ಮೈದುನ ಮಂಕಿ ಕ್ಯಾಪ್ ಕಣ್ಣಿನವರೆಗೆ ಎಳ್ಕೊಂಡ. ನಮ್ಮೆಜಮಾನ್ರು ಇನ್ನೂ ಅದೇ ಮೂಟೆ ತಬ್ಬಿಕೊಂಡೇ ನಿಂತಿದ್ರು.

ಅತ್ತೆ ಅವರ ಕಡೆ ತಿರುಗಿ ಹೇಳಿದ್ರು: "ಅದನ್ನ ಬುಡ್ಲಾ ಅತ್ಲಾಗೆ! ಮನಾಲಿಗೆ ಕರ್ಕೊಂಡೋಗೋದು ಮೂಟೆಯಲ್ಲ, ಇವಳನ್ನ."