ನನ್ನ ಗಾಡಿಯ ಪೆಟ್ರೋಲ್ ಕುಡಿದವರು

ಹಳೇ ಮೋಟಾರ್‌ಸೈಕಲ್ ಇಟ್ಟುಕೊಂಡವನಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ, ಅದರಲ್ಲೂ ನನ್ನಂಥ ಸಂಶಯದ ಮನುಷ್ಯನಿಗೆ. ಇಳಕಲ್ಲಿನ ಮನೆಯಿಂದ ಹುನಗುಂದದ ಕಚೇರಿಗೆ ನಾನು ದಿನಾ ಅದರ ಮೇಲೇ ಹೋಗಿಬರುತ್ತೇನೆ. ಹ್ಯಾಂಡಲಿನ ಎಡಗಡೆ ಚೋಕ್ ಅಂತ ಒಂದು ಸಣ್ಣ ಕೊಂಡಿ ಇದೆ. ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿಗೆ ನಾಲ್ಕು ಹನಿ ಹೆಚ್ಚಿಗೆ ಪೆಟ್ರೋಲ್ ಕುಡಿಸಲು ಅದನ್ನು ಎಳೆದು ಕಿಕ್ ಹೊಡೆಯಬೇಕು, ಗಾಡಿ ಬಿಸಿಯಾದ ಮೇಲೆ ಹಿಂದಕ್ಕೆ ತಳ್ಳಬೇಕು. ಅಷ್ಟೇ ವಿದ್ಯೆ.

ಈ ಬೇಸಿಗೆಯಿಂದ ಪೆಟ್ರೋಲ್ ಟಾಕಿ ಬೇಗ ಬೇಗ ಬರಿದಾಗತೊಡಗಿತು. ಯಾರೋ ಕದಿಯುತ್ತಿದ್ದಾರೆ ಎಂದು ಮೊದಲ ದಿನವೇ ತೀರ್ಮಾನಿಸಿದೆ. ಹೆಂಡತಿ ಮಾತ್ರ, "ದೀಪಾವಳಿ ಒಳಗ ಕಳ್ಳ ಸಿಕ್ಕರ ಸಿಕ್ಕ. ಇಲ್ಲಂದ್ರ ಗಾಡಿ ಗುಜರಿಗೆ ಹಾಕ್ತೇನಿ" ಅಂದಳು. ಅವಳಿಗಿಂತ ಮೊದಲು ನನ್ನ ಮನೆಗೆ ಬಂದ ಗಾಡಿ ಅದು.

ನನ್ನ ಪರವಾಗಿ ಇದ್ದವರು ಅತ್ತೆ ಒಬ್ಬರೇ. ಬೇಸಿಗೆಯ ಮೊದಲಲ್ಲಿ ನಾನೊಮ್ಮೆ ಜಾರಿ ಬಿದ್ದಾಗಿನಿಂದ ಅವರು ಅಮಾವಾಸ್ಯೆಗೊಮ್ಮೆ ಬಾದಾಮಿಯಿಂದ ಬಂದು ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಹೋಗುತ್ತಾರೆ. "ಯಾರದೋ ದೃಷ್ಟಿ ಆಗೇತ್ರಿ" ಅಂದರು. "ಈ ಸಲ ದೊಡ್ಡ ನಿಂಬಿಹಣ್ಣ ಕಟ್ಟೇನಿ, ಯಾರೂ ಮುಟ್ಟಬ್ಯಾಡ್ರಿ. ಕಳ್ಳ ಯಾವನ ಇರ್ಲಿ, ತಾನಾಗೇ ಬಾಗಲಕ್ಕ ಬರ್ತಾನ."

ಪಕ್ಕದ ಮನೆಯವರು

ಮೊದಲು ಸಂಶಯ ಬಂದದ್ದು ಪಕ್ಕದ ಮನೆಯ ಹಿರಿಯರ ಮೇಲೆ. ನಾನು ಬೆಳಿಗ್ಗೆ ಗಾಡಿ ಚಾಲೂ ಮಾಡುವ ಹೊತ್ತಿಗೆ ಸರಿಯಾಗಿ ಬಂದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಕಣ್ಣು ಗಾಡಿಯ ಮೇಲೆಯೇ. ಒಂದು ದಿನ ತಡೆಯಲಾಗಲಿಲ್ಲ.

"ಏನ್ರಿ ಯಜಮಾನ್ರ, ದಿನಾ ಇಲ್ಲೇ ಬಂದು ನಿಲ್ತೀರಿ?"

"ನಿಮ್ಮ ಗಾಡಿ ಕರೇ ಹೊಗಿ ಬಿಡ್ತೈತಲ್ರಿ, ಅದಕ್ಕ" ಅಂದರು. ಕೆಮ್ಮಿ, ನನ್ನ ಕೈ ಹಿಡಿದುಕೊಂಡರು. "ಇನ್ನೊಂದ ಸ್ವಲ್ಪ ನಮ್ಮ ಕಿಡಕಿ ಕಡೆ ತಿರುಗಿಸಿ ನಿಲ್ಲಸ್ರಿ. ಎರಡ ತಿಂಗಳಾತು, ಮನ್ಯಾಗ ಒಂದ ಸೊಳ್ಳಿ ಇಲ್ಲ."

ಚೌಕ್

ನಮ್ಮ ಕಚೇರಿಯ ಟೈಪಿಸ್ಟ್ ಹುಡುಗ, ಬಟನ್ ಒತ್ತಿದರೆ ಚಾಲೂ ಆಗುವ ಗಾಡಿ ಬಿಟ್ಟು ಬೇರೆ ಕಂಡವನಲ್ಲ. ಮಧ್ಯಾಹ್ನ ಯಾರನ್ನೋ ಬಸ್ ಹತ್ತಿಸಿ ಬರುತ್ತೇನೆಂದು ನನ್ನ ಗಾಡಿ ಒಯ್ದ. ಬಸ್ ಸ್ಟ್ಯಾಂಡಿನಿಂದ ಫೋನ್ ಬಂತು, ಗಾಡಿ ಚಾಲೂ ಆಗುತ್ತಿಲ್ಲವಂತೆ. ಹಿಂದೆ ಬಸ್ಸಿನ ಹಾರ್ನ್, ಕಂಡಕ್ಟರನ ಕೂಗು.

"ಚೋಕ್ ಎಳಿಲೇ" ಅಂದೆ.

"ಎಳೀಬೇಕೇನ್ರಿ ಸರ?"

"ಎಳೀಬೇಕ. ಚಾಲೂ ಆದಮ್ಯಾಲ ಹಿಂದಕ್ಕ ತಳ್ಳು, ಮರೀಬ್ಯಾಡ."

ಅರ್ಧ ಗಂಟೆಯಾದರೂ ಅವನ ಪತ್ತೆ ಇಲ್ಲ. ನನ್ನ ಪೆಟ್ರೋಲಿನಲ್ಲಿ ಕರದಂಟು ತಿನ್ನಲು ಅಮೀನಗಡಕ್ಕೇ ಹೋಗಿದ್ದಾನೆ ಎಂದು ಖಾತ್ರಿಯಾಯಿತು. ಅಷ್ಟರಲ್ಲಿ ಮತ್ತೆ ಫೋನ್. ಏದುಸಿರು ಬಿಡುತ್ತಿದ್ದ.

"ಸರ, ನೀವು ಹೇಳಿದಂಗ ಚೌಕ್ ತನಕ ಎಳಕೊಂಡ ಬಂದೇನ್ರಿ. ಇಲ್ಲಿ ಒಂದ ಕಿಕ್ಕಿಗೆ ಚಾಲೂ ಆತು. ಖರೇನ ಭಾರಿ ಜಾಗಾ. ಆದ್ರ ಚಾಲೂ ಆದ ಗಾಡಿ ಹಿಂದಕ್ಕ ಯಾಕ ತಳ್ಳಬೇಕ್ರಿ?"

ಮಿಸ್ತ್ರಿ

ಕೊನೆಗೆ ಗಾಡಿಯನ್ನು ರಿಪೇರಿಗೆ ಒಯ್ದೆ. ಮಿಸ್ತ್ರಿ ಪ್ಲಗ್ ಬಿಚ್ಚಿ ತೋರಿಸಿದ. ಮಸಿ ಹಿಡಿದಿತ್ತು. "ಚೋಕ್ ಎಳಕೊಂಡ ಓಡಸ್ತೀರೇನ್ರಿ?" ಅಂದ. ನನಗೆ ಸಿಟ್ಟು ಬಂತು. ಈಗೀಗ ಚೋಕ್ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ, ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗುತ್ತಿತ್ತು. ಅದರ ಮೇಲೂ ಸಂಶಯ ಪಡಬೇಕಿತ್ತು, ಆದರೆ ಒಳ್ಳೆಯದಾದರೆ ಯಾರು ತನಿಖೆ ಮಾಡುತ್ತಾರೆ? ಇವನೇ ಪೆಟ್ರೋಲ್ ಕಳ್ಳ ಎಂದುಕೊಂಡು, ಕೆಲಸ ಮುಗಿಯುವ ತನಕ ಟಾಕಿಯ ಮೇಲೆ ಕೈ ಇಟ್ಟುಕೊಂಡೇ ಕೂತೆ.

"ನಿಂಬಿಹಣ್ಣ ಒಂದ ಬಿಟ್ಟು ಎಲ್ಲಾ ಬಿಚ್ಚಿ ನೋಡೇನ್ರಿ" ಅಂದ ಅವನು. "ಅದಕ್ಕ ನಾ ಕೈ ಹಚ್ಚಂಗಿಲ್ಲ. ಮನ್ಯಾಗ ಸಣ್ಣ ಮಕ್ಕಳದಾವ."

ಬಾಗಿಲಿಗೆ ಬಂದ ಕಳ್ಳ

ದೀಪಾವಳಿ ಅಮಾವಾಸ್ಯೆ ಬಂತು. ಹೆಂಡತಿ ಗುಜರಿಯವನಿಗೆ ಹೇಳಿ ಕಳಿಸಿಯೂ ಆಗಿತ್ತು. ನಾನು ಗಾಡಿಯ ಪಕ್ಕ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಬಾದಾಮಿಯಿಂದ ಬಂದ ಅತ್ತೆ ಚೀಲದಿಂದ ಎರಡು ದೊಡ್ಡ ನಿಂಬೆಹಣ್ಣು ತೆಗೆದು, ಹಳೆಯವನ್ನು ಬಿಚ್ಚಿ, ಹೊಸ ಕರಿದಾರ ಹಿಡಿದರು. ಹೆಬ್ಬೆರಳಿನಿಂದ ಚೋಕಿನ ಕೊಂಡಿಯನ್ನು ಪೂರ್ತಿ ಎಳೆದು, ದಾರ ಸುತ್ತಿ, ಕನ್ನಡಿಯ ಕಂಬಿಗೆ ಗಟ್ಟಿಯಾಗಿ ಬಿಗಿದರು.

"ಅತ್ತಿ, ಏನ ಮಾಡಾಕತ್ತೀರಿ?"

"ಎಳದು ಕಟ್ಟಬೇಕ್ರಿ. ಸಡಲ ಬಿಟ್ರ ಹಣ್ಣ ಗಾಲಿಗೆ ಬಡೀತಾವ. ಇದಕ್ಕಂತನ ಕೊಂಡಿ ಕೊಟ್ಟಾರಲ್ಲ, ಪಾಪ, ಕಂಪನಿಯವ್ರು."

ಆ ಕೊಂಡಿ ಎಳೆದರೆ ಗಾಡಿ ಏನು ಕುಡಿಯುತ್ತದೆ, ಇಷ್ಟು ತಿಂಗಳು ಎಷ್ಟು ಕುಡಿಯಿತು ಎಂದು ಬಿಡಿಸಿ ಹೇಳಿದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅತ್ತೆ ಮಾತ್ರ ಒಂದಿಷ್ಟೂ ಅಳುಕಲಿಲ್ಲ. ದಾರ ಬಿಚ್ಚಿ, ನಿಂಬೆಹಣ್ಣನ್ನು ಕನ್ನಡಿಗೇ ಕಟ್ಟಿ, ಕೈ ಝಾಡಿಸಿಕೊಂಡರು.

"ನಾ ಏನ ಹೇಳಿದ್ದೆ? ನಿಂಬಿಹಣ್ಣ ಕಟ್ಟಿದ್ರ ಕಳ್ಳ ತಾನಾಗೇ ಬಾಗಲಕ್ಕ ಬರ್ತಾನ ಅಂದಿದ್ದಿಲ್ಲ?" ಅಂದರು. "ನಾನ ಬಂದೀನಿಲ್ಲ?"