ಅಮ್ಮನ ಕೂದಲು, ದೊಡ್ಡಮ್ಮನ ಪ್ರಶ್ನೆ

ಜೀವಶಾಸ್ತ್ರ ಪಾಠ ಮಾಡುವವನು ಅರ್ಧ ಡಾಕ್ಟರು ಎಂಬುದು ಕುಂದಾಪುರದಿಂದ ಬ್ರಹ್ಮಾವರದವರೆಗಿನ ಜನರ ಗಟ್ಟಿ ನಂಬಿಕೆ. ಬ್ರಹ್ಮಾವರದ ಹತ್ತಿರದ ಕಾಲೇಜೊಂದರಲ್ಲಿ ನಾನು ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಬಸ್ರೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಕ್ಕದಲ್ಲಿ ಕೂತವರು ಕಂಡಕ್ಟರ್ ಬರುವ ಮೊದಲೇ ನನಗೆ ನಾಲಗೆ ತೋರಿಸಿದ್ದುಂಟು. ಒಬ್ಬರಂತೂ "ಹ್ವಾಯ್ ಮಾಷ್ಟ್ರೆ, ಈ ಗಂಟ್ ಎಂತದ್ ಕಾಣಿ" ಎಂದು ತುಂಬಿದ ಬಸ್ಸಿನಲ್ಲೇ ಅಂಗಿ ಎತ್ತಿದ್ದರು. ನನಗೆ ಗೊತ್ತಿರುವುದು ಪುಸ್ತಕದ ಚಿತ್ರದಲ್ಲಿರುವ ಮನುಷ್ಯ ಮಾತ್ರ, ಅವನಿಗೆ ಚರ್ಮವೇ ಇರುವುದಿಲ್ಲ ಎಂದರೆ ಅದನ್ನು ವಿನಯ ಎಂದುಕೊಳ್ಳುತ್ತಾರೆ. ಹೀಗೆ ಎಲ್ಲರೂ ನಂಬಿ ನಂಬಿ, ಕೊನೆಗೆ ಆ ನಂಬಿಕೆ ನನಗೂ ಅಂಟಿಕೊಂಡಿತು. ತೊಂದರೆ ಶುರುವಾದದ್ದೇ ಅಲ್ಲಿ.

ನಮ್ಮ ಮನೆಯಲ್ಲಿ ಇಬ್ಬರು ಹಿರಿಯರು. ಒಬ್ಬಳು ನನ್ನ ಅಮ್ಮ, ಇನ್ನೊಬ್ಬಳು ಅವಳ ಅಕ್ಕ, ನನ್ನ ದೊಡ್ಡಮ್ಮ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಬೈಂದೂರಿನಲ್ಲಿದ್ದವಳು ಒಂದು ದಿನ ಪೇಟೆಗೆಂದು ಹೊರಟು ತನ್ನ ಮನೆಯ ದಾರಿಯನ್ನೇ ಮರೆತ ಮೇಲೆ ನಮ್ಮಲ್ಲಿಗೆ ಬಂದಳು. ಅಜ್ಜಿ ಬೇಗ ತೀರಿಹೋದದ್ದರಿಂದ ಅಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳ ಮರೆವು ನಮಗೆ ಅಭ್ಯಾಸವಾಗುವಷ್ಟರಲ್ಲಿ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಯಾಯಿತು, ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಎರಡನೆಯ ಸಲ ಔಷಧಿ ಏರಿಸಿಕೊಂಡು ಬಂದ ಮೇಲೆ ಅಮ್ಮನ ಮೊಣಕಾಲು ಮುಟ್ಟುತ್ತಿದ್ದ ಜಡೆ ದಿಂಬಿನ ಮೇಲೆಯೇ ಉಳಿದುಬಿಟ್ಟಿತು.

ಆ ಬೆಳಿಗ್ಗೆ ದೊಡ್ಡಮ್ಮ ಕಾಫಿ ಲೋಟ ಹಿಡಿದು ಅಮ್ಮನನ್ನೇ ನೋಡಿದಳು. ತಂಗಿಯನ್ನು ಅವಳು ಈಗಲೂ ಪುಟ್ಟ ಹುಡುಗಿಯನ್ನು ಕರೆಯುವ ಹಾಗೆ 'ಹೆಣೇ' ಎಂದೇ ಕರೆಯುವುದು. "ಹೆಣೇ, ನಿನ್ ಮಂಡೆ ಎಂತಕ್ ಬೋಳ್ ಆಯಿತ್?"

ರೋಗದ ವಿಷಯದಲ್ಲಿ ಸುಳ್ಳು ಹೇಳಬಾರದು ಎಂಬ ನಿಲುವಿನ ನಾನು, ಅಮ್ಮ ಬಾಯಿ ತೆರೆಯುವ ಮೊದಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೊಡ್ಡಮ್ಮ ಎದೆ ಬಡಿದುಕೊಂಡು ಅತ್ತಳು. ಔಷಧಿಯ ಸುಸ್ತಿನಲ್ಲಿ ತಲೆ ಎತ್ತಲಾಗದ ಅಮ್ಮನೇ ಎದ್ದು ಬಂದು ಅಕ್ಕನ ಬೆನ್ನು ಸವರಬೇಕಾಯಿತು. ಸಮಾಧಾನವಾಗಿ, ದೋಸೆ ತಿಂದು, ಕೈ ತೊಳೆದು ಬಂದ ದೊಡ್ಡಮ್ಮ ಮತ್ತೆ ಅಮ್ಮನನ್ನು ನೋಡಿದಳು. "ಹೆಣೇ, ನಿನ್ ಮಂಡೆ ಎಂತಕ್ ಬೋಳ್ ಆಯಿತ್?" ನಾನು ಮತ್ತೆ ನಿಜ ಹೇಳಿದೆ. ಅವಳು ಮತ್ತೆ ಅಷ್ಟೇ ಅತ್ತಳು. ಮರೆವಿನವರ ದುಃಖಕ್ಕೆ ಹಳತಾಗುವುದು ಗೊತ್ತಿಲ್ಲ. ಪ್ರತಿ ಸಲವೂ ಅದು ಮೊದಲ ಸಲವೇ. ದಿನಾ ಹೀಗೆಯೇ ಆಗತೊಡಗಿ, ಅಮ್ಮನಿಗೆ ತನ್ನ ಕಾಯಿಲೆಗಿಂತ ಅದರ ಸುದ್ದಿಯೇ ಭಾರವಾಯಿತು.

ಸುದ್ದಿ ಹೇಳಿದರೆ ಸಾಲದು, ಕಾರಣವನ್ನೂ ತಿಳಿಸಿದರೆ ಅಳು ಕಡಿಮೆಯಾದೀತು ಎಂದು ನನಗನ್ನಿಸಿತು. ಮೇಷ್ಟ್ರುಗಳಿಗೆ ಮಾತ್ರ ಹೊಳೆಯುವಂಥ ಯೋಚನೆ ಅದು. ಒಂದು ಭಾನುವಾರ ಮಧ್ಯಾಹ್ನ, ಮನೆಯೆದುರಿನ ಹೊಳೆಯ ಗಾಳಿಗೆ ತೆಂಗಿನ ಗರಿಗಳ ನೆರಳು ಜಗಲಿಯ ಮೇಲೆ ಮೆಲ್ಲಗೆ ತೂಗುತ್ತಿರುವಾಗ, ಇಬ್ಬರನ್ನೂ ಕೂರಿಸಿಕೊಂಡು ಶುರುಮಾಡಿದೆ. ನಮ್ಮ ಪ್ರತಿ ಜೀವಕೋಶದಲ್ಲೂ ಕಾವಲು ಕಾಯುವ ಪ್ರೋಟೀನುಗಳಿವೆ. ಕೋಶದ ಡಿಎನ್‌ಎಯಲ್ಲಿ ತಪ್ಪು ನುಸುಳಿದರೆ ಅವು ತಡೆದು ನಿಲ್ಲಿಸುತ್ತವೆ. ರಿಪೇರಿಯಾಗದಷ್ಟು ಕೆಟ್ಟಿದ್ದರೆ ಇನ್ನು ನೀನು ಹೊರಡು ಎನ್ನುತ್ತವೆ. ಆ ಕಾವಲೇ ಕೆಟ್ಟಾಗ ಹೊರಡಬೇಕಾದ ಕೋಶ ಹೊರಡುವುದಿಲ್ಲ, ಕೂತಲ್ಲೇ ಎರಡಾಗುತ್ತದೆ, ನಾಲ್ಕಾಗುತ್ತದೆ. ಅದೇ ಕ್ಯಾನ್ಸರ್. ಹಾಗೆ ಬೇಗ ಬೇಗ ಒಡೆಯುವ ಕೋಶಗಳನ್ನು ಹುಡುಕಿ ಹೊಡೆಯುವ ಔಷಧಿಗೆ ಕೂದಲಿನ ಬುಡದ ಕೋಶಗಳೂ ಹಾಗೆಯೇ ಕಾಣುತ್ತವೆ, ಪಾಪ, ಅವುಗಳದ್ದೇನೂ ತಪ್ಪಿಲ್ಲ. ಮಿದುಳಿನ ಮರೆವಿನಲ್ಲಿ ಕಥೆ ತಿರುವುಮುರುವು. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ಗಂಟುಗಟ್ಟಿ, ಕೊನೆತನಕ ಇರಬೇಕಾದ ನರಕೋಶಗಳು ಒಂದೊಂದಾಗಿ ಮೊದಲೇ ಹೊರಟುಬಿಡುತ್ತವೆ.

ಇಷ್ಟು ಹೇಳುವಾಗ ನನ್ನ ಸ್ವರ ನನಗೇ ಇಂಪಾಗಿ ಕೇಳುತ್ತಿತ್ತು. ಅಮ್ಮನಲ್ಲಿ ಹೋಗಬೇಕಾದವು ಹೋಗಿರಲಿಲ್ಲ, ದೊಡ್ಡಮ್ಮನಲ್ಲಿ ಇರಬೇಕಾದವು ಇರುತ್ತಿರಲಿಲ್ಲ ಎಂಬುದು ಹೊಳೆದು, ನಾಳೆ ಕ್ಲಾಸಿನಲ್ಲಿ ಇದನ್ನು ಹೇಳಬೇಕು ಎಂದೂ ಅಂದುಕೊಂಡೆ. ದೊಡ್ಡಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದವಳು ಮೆಲ್ಲಗೆ ಕೇಳಿದಳು: "ಅದ್ ಯಾರಿಗ್ ಮಗಾ ಮರೆವಿನ್ ಕಾಯ್ಲೆ? ನಂಗಾ?"

ಈ ಸಲ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ನಿಂಗಲ್ಲ ಅಕ್ಕ. ಅದ್ ಇವ್ನ್ ಕಾಲೇಜಿನ್ ಪುಸ್ತಕದೊಳ್ಗ್ ಇಪ್ದ್." ಆಮೇಲೆ ನನ್ನನ್ನು ಒಳಗೆ ಕರೆದು, "ಇನ್ ನಿನ್ ಪಾಠ ಸಾಕ್ ಮಗಾ. ಇನ್ಮೇಲ್ ನಾನೇ ಹೇಳ್ತೆ" ಎಂದಳು. ಸ್ವಲ್ಪ ತಡೆದು, "ಆ ಔಷಧಿಯೂ ಸಾಕ್. ನಂಗ್ ಇನ್ ಆತಿಲ್ಲ" ಎಂದಳು. ಅವಳ ಬಾಯೆಲ್ಲ ಹುಣ್ಣಾಗಿತ್ತು. ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ಇನ್ನೂ ಕೆಲವು ಸುತ್ತು ಕೀಮೋ ಬಾಕಿ ಇದೆ, ನಡುವೆ ಬಿಟ್ಟರೆ ಇಷ್ಟು ಪಟ್ಟದ್ದೂ ವ್ಯರ್ಥ ಎಂದು ಡಾಕ್ಟರು ಹೇಳಿದ್ದರು. ನನ್ನ ಹೆಂಡತಿ ಹೇಳಿ ನೋಡಿದಳು, ನಾನು ಬೇಡಿಕೊಂಡೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಆದರೆ ಅಕ್ಕನ ಪ್ರಶ್ನೆಗೆ ಮಾತ್ರ ಅವಳು ತಿರುಗುತ್ತಿದ್ದಳು. ಮೊದಲ ದಿನ, ಸೆಕೆ ತಡೆಯಲಾಗದೆ ಕೂದಲನ್ನು ತಂಪಿರುವ ಕಡೆಗೆ ಕಳಿಸಿಬಿಟ್ಟೆ ಎಂದಳು. ಮರುದಿನ, "ಮೇಳದವ್ರ್ ಬಂದ್ ಕೇಂಡ್ರ್ ಅಕ್ಕ, ಹೆಣ್ಣ್ ವೇಷಕ್ ಜಡೆ ಬೇಕಂದ್ರ್. ಕೊಟ್ಟೆ" ಎಂದಳು. ದೊಡ್ಡಮ್ಮನಿಗೆ ಖುಷಿಯೋ ಖುಷಿ. "ವೇಷ ಕುಣುವತ್ತಿಗೆ ಹ್ಯಾಂಗ್ ಕಾಂತಿತ್ತ್?" ಅಮ್ಮ ಎದ್ದು ಕೂತು, ಚಂಡೆಯ ಪೆಟ್ಟಿಗೆ ರಾಣಿ ತಿರುಗಿದಾಗ ಜಡೆ ರಂಗಸ್ಥಳದ ಸುತ್ತ ಹೇಗೆ ಬೀಸಿತು ಎಂದು ಕೈಯಲ್ಲೇ ತೋರಿಸಿದಳು. ಇನ್ನೊಂದು ದಿನ ಹೊಳೆಯಲ್ಲಿ ಯಾರದೋ ಬಲೆ ಹರಿದಿತ್ತಂತೆ, ಹೊಲಿಯಲು ನೂಲಿರಲಿಲ್ಲವಂತೆ. ಅಮ್ಮನ ಕೂದಲಲ್ಲಿ ನೇಯ್ದ ಬಲೆಗೆ ಬೆಳ್ಳಿಬಣ್ಣದ ಮೀನುಗಳು ತಾವಾಗಿ ಬಂದು ಬೀಳುತ್ತಿದ್ದವಂತೆ. ನಾನು ಕೊನೆಯ ಪೀರಿಯಡ್ ಮುಗಿದದ್ದೇ ಬಸ್ಸಿಗೆ ಓಡತೊಡಗಿದೆ. ಇವತ್ತು ಕೂದಲು ಎಲ್ಲಿಗೆ ಹೋಯಿತು ಎಂದು ತಿಳಿಯದೆ ನನಗೆ ಚಹಾ ಸೇರುತ್ತಿರಲಿಲ್ಲ. ಸತ್ಯವಂತನಾದ ನಾನು ಬಾಗಿಲ ಸಂದಿಯಲ್ಲಿ ನಿಂತು ಸುಳ್ಳು ಕೇಳುತ್ತಿದ್ದೆ. ಆದರೂ ಆಸ್ಪತ್ರೆಯ ಮಾತು ಎತ್ತಿದರೆ ಅಮ್ಮ ಮತ್ತೆ ಗೋಡೆಯ ಕಡೆಗೇ.

ಮರುದಿನ ಕೀಮೋಗೆ ಹೋಗಬೇಕಾಗಿದ್ದ ಒಂದು ಸಂಜೆ ಬಂದು ನೋಡುತ್ತೇನೆ, ಕಥೆ ಇಲ್ಲ. ಜಗಲಿಯಲ್ಲಿ ದೊಡ್ಡಮ್ಮ ಕಾಲು ಚಾಚಿ ಕೂತಿದ್ದಾಳೆ. ಅವಳ ಮಡಿಲಲ್ಲಿ ಅಮ್ಮನ ಬೋಳುತಲೆ. ದೊಡ್ಡಮ್ಮ ಅಂಗೈಯಲ್ಲಿ ಬೆಚ್ಚಗಿನ ತೆಂಗಿನೆಣ್ಣೆ ಹಾಕಿಕೊಂಡು ಆ ತಲೆಯನ್ನು ನೀವುತ್ತಾ ಏನೋ ಗುನುಗುತ್ತಿದ್ದಳು. ಹೊಳೆಯ ಮೇಲಿನ ಬಿಸಿಲು ಅರಿಶಿನ ಕಲಸಿದ ಹಾಗೆ ಕಾಣುತ್ತಿತ್ತು. ನನ್ನನ್ನು ಕಂಡ ದೊಡ್ಡಮ್ಮ ಬಾಯಿಗೆ ಬೆರಳಿಟ್ಟಳು.

"ಮೆಲ್ಲ. ಶಿಶು ಈಗ ಮನಿಕಂಡಿತ್. ಇದ್ಕ್ ಇನ್ನೂ ಕೂದ್ಲ್ ಬರ್ಲಿಲ್ಲ ಕಾಣಿ. ಬತ್ತ್, ಬತ್ತ್. ನಾ ದಿನಾ ಎಣ್ಣಿ ಹಾಕ್ತೆ."

ತಂಗಿ ಅವಳ ಪಾಲಿಗೆ ಮತ್ತೆ ತೊಟ್ಟಿಲಿಗೆ ಹೋಗಿದ್ದಳು. ಕೂದಲು ಉದುರಿರಲಿಲ್ಲ, ಇನ್ನೂ ಹುಟ್ಟಿರಲಿಲ್ಲ, ಅಷ್ಟೇ. ಅಮ್ಮನ ಕಣ್ಣು ಮುಚ್ಚಿತ್ತು, ಆದರೆ ನಿದ್ದೆ ಬಂದಿರಲಿಲ್ಲ ಎಂಬುದು ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರಿನಿಂದ ತಿಳಿಯಿತು. ನಾನು ಚೀಲ ಕೆಳಗಿಡುವುದನ್ನೂ ಮರೆತು ಮೆಟ್ಟಿಲ ಮೇಲೆ ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅಮ್ಮ ಸೀರೆ ಉಟ್ಟು, ಆಸ್ಪತ್ರೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಹೊರ್ಡ್ ಮಗಾ, ತಡ ಆತ್ತ್" ಎಂದಳು. ಯಾಕೆ ಮನಸ್ಸು ಬದಲಾಯಿತು ಎಂದು ನಾನು ಕೇಳಲಿಲ್ಲ. ಅವಳೇ ರಿಕ್ಷಾದಲ್ಲಿ ಕೂತ ಮೇಲೆ, "ಅಕ್ಕ ಎಣ್ಣಿ ಕಾಸಿ ಇಟ್ಕಂಡ್ ಕೂತಿತ್. ನಾ ಗುಣ ಆಯಿ ಬರ್ದಿದ್ರೆ ಹ್ಯಾಂಗೆ?" ಎಂದಳು.

ಉಳಿದ ಸುತ್ತುಗಳೂ ಮುಗಿದವು. ಸುಲಭವಾಗಿ ಮುಗಿದವು ಎಂದರೆ ಸುಳ್ಳಾದೀತು. ಸಂಕ್ರಾಂತಿಯ ಸುಮಾರಿಗೆ ಹೆಮ್ಮಾಡಿಯ ಸೇವಂತಿಗೆ ಅರಳುವ ಹೊತ್ತಿಗೆ ಅಮ್ಮನ ತಲೆಯಲ್ಲಿ ಹೂವಿನ ತೊಟ್ಟು ನಿಲ್ಲುವಷ್ಟು ಕೂದಲಿತ್ತು, ಅದೂ ಮೊದಲು ಇರದಿದ್ದ ಗುಂಗುರು. ಸದ್ಯಕ್ಕೆ ಏನೂ ಕಾಣುವುದಿಲ್ಲ, ಆಗಾಗ ಬಂದು ತೋರಿಸಿಕೊಂಡು ಹೋಗಿ ಎಂದರು ಡಾಕ್ಟರು. ದೊಡ್ಡಮ್ಮನ ನರಕೋಶಗಳಿಗೆ ಮಾತ್ರ ಯಾರೂ ಇನ್ನೂ ಎಣ್ಣೆ ಕಂಡುಹಿಡಿದಿಲ್ಲ. ಅವು ಸದ್ದಿಲ್ಲದೆ ಹೊರಡುತ್ತಲೇ ಇವೆ.

ಈಗ ಅವಳಿಗೆ ಅಮ್ಮನ ಕೂದಲಿನ ಪ್ರಶ್ನೆಯಿಲ್ಲ. ನನ್ನನ್ನು ತೋರಿಸಿ, "ಇವ್ರ್ ಯಾರ್ ಹೆಣೇ?" ಎಂದು ಕೇಳುತ್ತಾಳೆ. ಮೊದಲ ಸಲ ಎದೆಗೆ ಸ್ವಲ್ಪ ನಾಟಿತು. ಅಮ್ಮ ಎಂದಿನಂತೆ ನನಗೆ ಒಂದೊಂದು ದಿನ ಒಂದೊಂದು ಕೆಲಸ ಕೊಡುತ್ತಾಳೆ. ನಾನು ಬಾರ್ಕೂರಿನಿಂದ ಜೋಯಿಸನಾಗಿ ಬಂದಿದ್ದೇನೆ, ದೋಣಿ ಮಾರುವವನಾಗಿದ್ದೇನೆ, ಕರು ಹಾಕಿಸಲು ಬಂದ ದನದ ಡಾಕ್ಟರೂ ಆಗಿದ್ದೇನೆ. ದೊಡ್ಡಮ್ಮ ಎಲ್ಲರಿಗೂ "ಬನಿ, ಕೂಕಣಿ" ಎಂದು ಬೆಲ್ಲ ನೀರು ಕೊಡಿಸಿ ಉಪಚರಿಸುತ್ತಾಳೆ. ಸ್ವಂತ ಮಗನಂತೆ ಇದ್ದಷ್ಟು ಕಾಲ ನನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ.

ಮೊನ್ನೆ ಅಮ್ಮನಿಗೆ ಕಥೆ ಕಟ್ಟುವ ಉಮೇದಿರಲಿಲ್ಲವೋ ಏನೋ, ನಿಜವನ್ನೇ ಹೇಳಿಬಿಟ್ಟಳು. "ಇವ್ರ್ ಕಾಲೇಜ್ ಮಾಷ್ಟ್ರ್ ಅಕ್ಕ. ಪಾಠ ಮಾಡ್ತ್ರ್."

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದಾ? ಹಾಂಗಾರೆ ನೀವ್ ಪಾಠ ಮಾಡ್ತಾ ಇರಿ. ನಾ ಒಂಚೂರ್ ಮನಿಕಂತೆ" ಎಂದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಹಿರಿಯರ ಮಾತು ಮೀರುವುದು ಹೇಗೆ? ಜೀವಕೋಶದಿಂದಲೇ ಶುರುಮಾಡಿದೆ. ಕೋಶದ ಪೊರೆ ದಾಟುವಷ್ಟರಲ್ಲಿ ದೊಡ್ಡಮ್ಮನಿಗೆ ನಿದ್ದೆ ಹತ್ತಿತ್ತು, ಕೇಂದ್ರದ ಹತ್ತಿರ ಬರುವಾಗ ಅಮ್ಮನಿಗೂ. ಇಷ್ಟು ವರ್ಷಗಳಲ್ಲಿ ನನ್ನ ಪಾಠದಿಂದ ಇಬ್ಬರಿಗೆ ಒಟ್ಟಿಗೆ ಇಷ್ಟು ಉಪಕಾರವಾದದ್ದು ಇದೇ ಮೊದಲು. ಸ್ವರ ತಗ್ಗಿಸಿ ಮುಂದುವರಿಸಿದೆ.