ಚಿಲ್ಲರೆ ಬಿಸಾಡಬೇಕೇ?

ಆ ಭಾನುವಾರ ಬೆಳಿಗ್ಗೆ ನಮ್ಮ ಮನೆಯನ್ನು ದಾಸ್ಯದಿಂದ ಬಿಡುಗಡೆ ಮಾಡಿಯೇ ತೀರುವುದೆಂದು ನಾನು ನಿರ್ಧರಿಸಿದೆ!

ದಾಸ್ಯವೆಂದರೆ ನಮ್ಮ ಒಂಬತ್ತು ವರ್ಷದ ಲ್ಯಾಪ್‌ಟಾಪಿನದು. ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅದು ಅರ್ಧ ಕಣ್ಣು ಬಿಟ್ಟಿರುತ್ತಿತ್ತು. ಹೊಸದು ಕೊಳ್ಳೋಣ ಎಂದಳು ಹೆಂಡತಿ. ನಾನು ಎದ್ದು ನಿಂತು ಭಾಷಣ ಬಿಗಿದೆ.

"ಹೊಸದ್ಯಾಕೆ? ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕ್ತೀನಿ. ಪುಕ್ಕಟೆ! ಹಳೇ ಯಂತ್ರದಲ್ಲೂ ಓಡುತ್ತೆ, ವೈರಸ್ ಕಾಟ ಕಮ್ಮಿ. ತಪ್ಪು ಕಂಡ್ರೆ ಯಾರು ಬೇಕಾದ್ರೂ ತಿದ್ದಬಹುದು!"

"ಓಪನ್ನೋ ಸೋರ್ಸೋ, ಮೊದಲು ಆ ಸೋರೋ ನಲ್ಲಿ ನೋಡ್ರೀ."

ನಲ್ಲಿಯನ್ನು ಇತಿಹಾಸಕ್ಕೆ ಬಿಟ್ಟು ನಾನು ಕೆಲಸಕ್ಕಿಳಿದೆ. ಮಧ್ಯಾಹ್ನದ ಹೊತ್ತಿಗೆ ಮುದಿ ಯಂತ್ರ ಚಿಗರೆಯಂತೆ ನೆಗೆಯತೊಡಗಿತು. ಅಭಿಮಾನ ಉಕ್ಕಿ ಭಾಷೆಯನ್ನೂ ಕನ್ನಡಕ್ಕೆ ತಿರುಗಿಸಿದೆ. 'ಲಾಗ್ ಔಟ್' ಎಂದಿರಬೇಕಾದ ಕಡೆ 'ದಿಮ್ಮಿ ಹೊರಗೆ' ಎಂದಿತ್ತು! ಯಾರೋ ಪುಣ್ಯಾತ್ಮರು 'ಲಾಗ್' ಎಂದರೆ ಮರದ ದಿಮ್ಮಿ ಎಂದು ನಿಘಂಟು ನೋಡಿ ಅವಸರದಲ್ಲಿ ಅನುವಾದಿಸಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮತ್ತೆ ನಗಲಿಲ್ಲ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು ಅವರು. ಈಗಲೂ ಪತ್ರಿಕೆಯನ್ನೂ ಮಾತ್ರೆ ಡಬ್ಬಿಯನ್ನೂ ಕೆಂಪು ಪೆನ್ನಿನಿಂದ ತಿದ್ದಿ ಮೇಜಿನ ಮೇಲಿಡುತ್ತಿದ್ದರು. ಆ ಡಬ್ಬಿಗಳನ್ನು ನಾವು ಸುಮ್ಮನೆ ಕಸಕ್ಕೆ ಹಾಕುತ್ತಿದ್ದೆವು.

ಹೆಂಡತಿ ಶಾಲೆಯೊಂದರ ಗ್ರಂಥಪಾಲಕಿ. ಗ್ರಂಥಾಲಯ ಖಾಲಿ ಮಾಡಿ ಅಲ್ಲಿ ಮುರಿದ ಬೆಂಚು ತುಂಬಬೇಕೆಂದು ಆಡಳಿತ ಮಂಡಳಿ ಹಟ ಹಿಡಿದಿತ್ತು. ಬೇಡವೆನ್ನಲು ಅವಳಿಗಿದ್ದದ್ದು ಮರುದಿನ ಬೆಳಿಗ್ಗೆಯವರೆಗಿನ ಗಡುವು. ಯಾವ ಮಗು ಯಾವ ಪುಸ್ತಕ ಓದಿ ಏನು ಹೇಳಿತು ಎಂದು ಅಂದು ಮಧ್ಯಾಹ್ನ ಅದೇ ಲ್ಯಾಪ್‌ಟಾಪಿನ ಮುಂದೆ ಮೂರು ತಾಸು ಕುಳಿತು ಹನ್ನೊಂದು ಪುಟದ ಮನವಿ ಟೈಪ್ ಮಾಡಿದಳು. ಅತ್ತೆ ಹಿಂದೆ ನಿಂತು ಒಂದೊಂದು ಸಾಲನ್ನೂ ಓದಿ ತಿದ್ದಿಸಿದರು.

ಸೇವ್ ಮಾಡುವುದನ್ನು ಮರೆತು, ಒಣಗಿದ ಬಟ್ಟೆ ತರಲು ಅವರಿಬ್ಬರೂ ಮಹಡಿಗೆ ಹೋದರು. ಎಷ್ಟು ಬೇಗ ಮರುಚಾಲನೆ ಆಗುತ್ತದೆಂದು ನೋಡುವ ಚಪಲ ನನಗೆ! ಗುಂಡಿ ಒತ್ತಿದೆ. ಪರದೆ ಕೇಳಿತು: 'ಚಿಲ್ಲರೆ ಬಿಸಾಡಬೇಕೇ?'

ಚಿಲ್ಲರೆ ತಾನೇ! ಧಾರಾಳವಾಗಿ 'ಹೌದು' ಒತ್ತಿದೆ.

ಹನ್ನೊಂದು ಪುಟವೂ ಹೋಯಿತು. ಬದಲಾವಣೆ ಎಂಬರ್ಥದ 'ಚೇಂಜ್' ಅನ್ನು ಆ ಪುಣ್ಯಾತ್ಮರು ಜೇಬಿನ ಚೇಂಜ್ ಎಂದುಕೊಂಡಿದ್ದರು!

"ಏನ್ರೀ ಮಾಡಿದ್ರಿ?" ಬಟ್ಟೆ ಹೊತ್ತು ಇಳಿದು ಬಂದ ಹೆಂಡತಿ ಖಾಲಿ ಪರದೆ ನೋಡಿದಳು.

"ನಾನಲ್ಲ ಕಣೇ, ಅನುವಾದ..."

"ನನ್ನ ಮಕ್ಕಳ ಮಾತೆಲ್ಲ ನಿಮಗೆ ಚಿಲ್ಲರೆಯಾಗಿ ಕಾಣಿಸ್ತಾ?"

ಅವಳು ಕೂಗಾಡಲಿಲ್ಲ. ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕುಳಿತಳು. ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಅತ್ತೆ ಕನ್ನಡಕ ಏರಿಸಿದರು. "ಏಳೇ, ಬರ್ಕೋ. ಪ್ರೂಫ್ ನೋಡಿದ್ದು ನನಗೆ ಮರೆಯಲ್ಲ." ಮೊದಲ ಸಾಲಿನಿಂದ ಕೊನೆಯವರೆಗೆ ಅಲ್ಪವಿರಾಮ ಸಹಿತ ಹೇಳಿ ಬರೆಸಿದರು. ರಾತ್ರಿ ಊಟದ ಹೊತ್ತಿಗೆ ಮನವಿ ಮತ್ತೆ ಸಿದ್ಧ! ನಾನು ಚಹಾ ಕೊಡುವ ಹುದ್ದೆಯಲ್ಲಿದ್ದೆ.

ಆಮೇಲೆ ಅವರು ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ಯಾರು ಬೇಕಾದ್ರೂ ತಿದ್ದಬಹುದು ಅಂದ್ರಲ್ಲ?"

"ಹೌದು ಅತ್ತೆ, ಅದೇ ಇದರ ಹಿರಿಮೆ."

"ಹಾಗಾದ್ರೆ ದಿಮ್ಮಿ ನೋಡಿ ನಕ್ರಲ್ಲ, ಆಗ್ಲೇ ಯಾಕೆ ತಿದ್ದಲಿಲ್ಲ?"

ವರ್ಷಗಟ್ಟಲೆ ಕಚೇರಿಯಲ್ಲಿ ಈ ಸ್ವಾತಂತ್ರ್ಯದ ಗುಣಗಾನ ಮಾಡಿದವನು ನಾನು. ಯಾರ್ಯಾರೋ ಬಿಡುವು ಮಾಡಿಕೊಂಡು ಕಟ್ಟಿದ್ದನ್ನು ಪುಕ್ಕಟೆ ಎತ್ತಿಕೊಂಡಿದ್ದೆ. ತಿರುಗಿ ಒಂದಕ್ಷರ ಕೊಟ್ಟಿರಲಿಲ್ಲ.

ಮರುದಿನದಿಂದ ಅತ್ತೆ ಪರದೆಯ ಮುಂದೆ ಕುಳಿತರು. ಇನ್ನೂರ ಹದಿನಾಲ್ಕು ತಪ್ಪು ಹಿಡಿದರು. ಅವರು ಕಾಗದದಲ್ಲಿ ಬರೆದುಕೊಟ್ಟದ್ದನ್ನು ನಾನು ಟೈಪ್ ಮಾಡಿ, ಆ ಕಾಗದಗಳ ಫೋಟೋ ಸಮೇತ ಅತ್ತೆಯ ಹೆಸರಿನಲ್ಲಿ ಅನುವಾದ ಮಾಡುವ ಸ್ವಯಂಸೇವಕರ ತಂಡಕ್ಕೆ ಕಳಿಸಿದೆ. ಈ ನಡುವೆ ಆಡಳಿತ ಮಂಡಳಿ ಮನವಿ ಓದಿ, ಬೆಂಚುಗಳಿಗೆ ಬೇರೆ ಜಾಗ ಹುಡುಕಿತು.

ಎರಡು ವಾರಕ್ಕೆ ತಂಡದ ಉತ್ತರ ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು: "ಅಮ್ಮಾ, ನಿಮ್ಮ ತಿದ್ದುಪಡಿಗಳನ್ನೆಲ್ಲ ಒಪ್ಪಿದ್ದೇವೆ. ನಿಮ್ಮಂಥವರಿಗಾಗಿ ಕಾಯುತ್ತಿದ್ದೆವು. ಇನ್ನೂ ಎರಡು ಸಾವಿರ ಸಾಲುಗಳಿವೆ, ನೋಡಿಕೊಡುವಿರಾ?"

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು.

"ಇನ್ನೊಂದು ಸಾಲಿದೆ," ಎಂದಳು ಹೆಂಡತಿ. "ನಿಮ್ಮ ಟೈಪಿಸ್ಟ್ ಮಾತ್ರ ಮೂವತ್ತಾರು ಹೊಸ ತಪ್ಪು ಸೇರಿಸಿದ್ದಾರೆ. ದಯವಿಟ್ಟು ಬದಲಾಯಿಸಿ." ಅವಳ ಭುಜ ನಗೆಯಿಂದ ಕುಣಿಯುತ್ತಿತ್ತು. "ಅಮ್ಮಾ, ಅವರು ಟೈಪಿಸ್ಟ್ ಅಲ್ಲ, ನನ್ನ ಅಳಿಯ ಅಂತ ನಿನ್ನ ಹೆಸರಲ್ಲೇ ಉತ್ತರ ಬರೀಲಾ?"

"ಬೇಡ ಬೇಡ!" ಅತ್ತೆ ಗಾಬರಿಬಿದ್ದರು. "ಜೀವಮಾನವೆಲ್ಲ ಪ್ರೂಫ್ ನೋಡಿದೋಳು ಇದೊಂದನ್ನ ಹ್ಯಾಗೆ ಪಾಸ್ ಮಾಡಿದ್ಳು ಅಂತ ಕೇಳ್ತಾರೆ!"